ತಾನಾಗಿ ಕೈಗೆ ಬಂದ ಮೀನು

ನಮ್ಮ ಹಳ್ಳ ಹಳ್ಳವಾಗಿದ್ದ ಕೊನೆಯ ದಿನ ನನ್ನ ಕೈಗೆ ಸಿಕ್ಕಿದ್ದು ಒಂದು ಹಳೆಯ ಚಪ್ಪಲಿ. ಅದನ್ನು ಮೀನೆಂದೇ ತಿಳಿದು ಎರಡು ಕೈಯಲ್ಲೂ ಅಮುಕಿ ಹಿಡಿದು, "ಅತ್ತೆ, ಸಿಕ್ತು!" ಎಂದು ಕೂಗಿದ್ದೆ. ಮೊಣಕಾಲುದ್ದ ನೀರಲ್ಲಿ ಬಗ್ಗಿ ನಿಂತಿದ್ದ ನಮ್ಮತ್ತೆ ತಲೆ ಎತ್ತಿ ನೋಡಿ, "ಬುಡಬ್ಯಾಡ ಕಣಮ್ಮಿ, ಇನ್ನೊಂದ್ ಸಿಕ್ಕುದ್ರೆ ಜೊತೆಯಾಯ್ತದೆ" ಅಂದರು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಎದುರುಮನೆಯ ಕೆಂಪಮ್ಮ ನಕ್ಕು ನಕ್ಕು ಕಲ್ಲಿನ ಮೇಲೇ ಕೂತುಬಿಟ್ಟರು. ಅಷ್ಟು ಹೊತ್ತಿಗೆ ಅತ್ತೆಯ ಮಡಿಲಲ್ಲಿ ಏಳೆಂಟು ಗೆಂಡೆಮೀನು, ಒಂದು ಕೊರವಮೀನು ಒದ್ದಾಡುತ್ತಿದ್ದವು.

ನಾನು ಕುದೂರಿನ ಕಡೆಯವಳು. ನಮ್ಮ ಮನೆಯಲ್ಲಿ ಮೀನೆಂದರೆ ಸಂತೆಯಿಂದ ತರುವ ಪದಾರ್ಥ. ಹತ್ತನೇ ತರಗತಿ ಪಾಸು ಮಾಡಿದ್ದೆ. ಮೀನಿನ ಚಿತ್ರ ಬರೆದು ಕಿವಿರು, ರೆಕ್ಕೆ, ಬಾಲ ಎಂದು ಗೆರೆ ಎಳೆದು ತೋರಿಸಿ ಪೂರ್ತಿ ಅಂಕ ಪಡೆದಿದ್ದೆ. ಮರಳವಾಡಿಯ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಗೊತ್ತಾಯಿತು: ಚಿತ್ರದ ಮೀನು ಅಲುಗಾಡುವುದಿಲ್ಲ, ಹಳ್ಳದ ಮೀನು ಒಂದು ಕಡೆ ನಿಲ್ಲುವುದಿಲ್ಲ.

ಅತ್ತೆ ಬಲೆ ಮುಟ್ಟಿದವರಲ್ಲ, ಗಾಳ ಕಟ್ಟಿದವರಲ್ಲ. ನೀರಿಗಿಳಿದ ಮೇಲೆ ಸ್ವಲ್ಪ ಹೊತ್ತು ಎರಡೂ ಕೈಗಳನ್ನು ನೀರಲ್ಲಿ ಇಳಿಬಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ಒಲೆ ಮುಂದಿನಿಂದ ಬಂದ ಕೈ ಬಿಸಿಯಾಗಿರುತ್ತದಂತೆ. ಅದು ನೀರಿನಷ್ಟೇ ತಣ್ಣಗಾಗಬೇಕಂತೆ. ಆಮೇಲೆ ಕಲ್ಲಿನ ಸಂದಿಗೆ, ಹೊಂಗೆ ಬೇರಿನ ಅಡಿಗೆ ಎರಡು ಕಡೆಯಿಂದಲೂ ಕೈ ಹಾಕಿ, ಮೀನಿನ ಹೊಟ್ಟೆಯನ್ನು ಮಗುವಿನ ಹೊಟ್ಟೆ ಸವರಿದಂತೆ ಸವರಿ, ಕಿವಿರಿನ ಹತ್ತಿರ ಬರುತ್ತಲೇ ಗಬಕ್ಕನೆ ಹಿಡಿಯುವುದು. ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆಗಳಿದ್ದರೆ ಒಳಗೆ ಏಡಿ, ಬಾಯಿ ನುಣ್ಣಗಿದ್ದರೆ ಹಾವು, ಕೈ ಹಾಕಬಾರದು. ಇಷ್ಟನ್ನೂ ನಾನು ಪಾಠದಂತೆ ಒಪ್ಪಿಸಬಲ್ಲೆ. ಹಿಡಿಯಲು ಮಾತ್ರ ಆಗುತ್ತಿರಲಿಲ್ಲ.

ಕೈಗುಣ ಅನ್ನುತ್ತೇವಲ್ಲ, ಅದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಉಪ್ಪಿನಕಾಯಿ ಕೆಟ್ಟರೆ ಕೈಗುಣ, ಬೀಜ ಮೊಳೆಯದಿದ್ದರೆ ಕೈಗುಣ. ಸೋಮಾರಿಗಳಿಗೆ ಇದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. ನಾನೂ ಅದರ ಹಿಂದೆಯೇ ಅಡಗಿಕೊಂಡಿದ್ದೆ. ಅತ್ತೆ ಬಿಡುತ್ತಿರಲಿಲ್ಲ: "ಗುಣ ಕೈಯಾಗಿಲ್ಲ, ನಿನ್ ಆತ್ರದಾಗೈತೆ."

ಇನ್ನೊಂದು ಪದ್ಧತಿ ಹೇಳಬೇಕು. ಮೀನು ಹಿಡಿದು ಮನೆಗೆ ಬರುವಾಗ ಮೊದಲು ಎದುರಾದವರಿಗೆ ಒಂದು ಹಿಡಿ ಕೊಡಬೇಕು. ಕೊಟ್ಟ ಮೇಲೆ ಅದು ಅವರದು. ಹೆಚ್ಚುಕಡಿಮೆ ಯಾವಾಗಲೂ ಎದುರಾಗುತ್ತಿದ್ದವರು ಕೆಂಪಮ್ಮನೇ. ಹಾಗೆ ಎದುರಾಗುವುದನ್ನು ಅವರು ಒಂದು ಕಸುಬಿನಂತೆ ಕಲಿತಿದ್ದರು. ಅವರೂ ಅತ್ತೆಯೂ ಒಂದೇ ವರ್ಷ ಈ ಊರಿಗೆ ಮದುವೆಯಾಗಿ ಬಂದವರು. ಒಬ್ಬರ ಒಲೆಯ ಕೆಂಡ ಇನ್ನೊಬ್ಬರ ಒಲೆಗೆ ಹೋಗಿ ಬೆಂಕಿಯಾಗುತ್ತಿತ್ತು.

ಹಳ್ಳದ ಮೇಲುಗಡೆಯ ಬಯಲಿಗೆ ಕಾರ್ಖಾನೆಗಳು ಒಂದೊಂದಾಗಿ ಬರುತ್ತಿದ್ದ ವರ್ಷಗಳು ಅವು. ಊರಿನ ಕೆಲವರ ಜೇಬಿನಲ್ಲಿ ಆಗಲೇ ಮೊಬೈಲು ಕೂಗುತ್ತಿತ್ತು. ಚಪ್ಪಲಿ ಸಿಕ್ಕಿದ ಮಾರನೆಯ ಬೆಳಿಗ್ಗೆ ಅತ್ತೆ ರೇಷ್ಮೆಹುಳಕ್ಕೆ ಸೊಪ್ಪು ಕುಯ್ಯಲು ತೋಟಕ್ಕೆ ಹೋಗಿದ್ದರು. ನಾನೊಬ್ಬಳೇ ಹಳ್ಳಕ್ಕೆ ಹೋದೆ. ನೀರಿನ ಬಣ್ಣ ನಿನ್ನೆಯದೇ. ಅಂಚಿನಲ್ಲಿ ಸ್ವಲ್ಪ ನೊರೆ. ಮೀನುಗಳೆಲ್ಲ ದಡಕ್ಕೆ ಬಂದು, ಬಾಯಿ ತೆರೆದುಕೊಂಡು, ಒಂದು ಮಗ್ಗುಲಿಗೆ ವಾಲಿಕೊಂಡು ನಿಂತಿದ್ದವು. ಕೈ ಇಟ್ಟೆ. ಬಂದವು. ಕೈ ತಣ್ಣಗಾಗುವುದೂ ಬೇಕಿರಲಿಲ್ಲ, ಸವರುವುದೂ ಬೇಕಿರಲಿಲ್ಲ. ಇಷ್ಟು ವರ್ಷ ಒಲಿಯದಿದ್ದ ಕೈಗುಣ ಒಂದೇ ಬೆಳಿಗ್ಗೆ ಒಲಿಯಿತೆಂದುಕೊಂಡೆ. ಮಂಕರಿ ತುಂಬಿತು. ಅಷ್ಟರಲ್ಲಿ ಇನ್ನೂ ಹತ್ತಾರು ಜನ ಇಳಿದರು. ಅವರಿಗೂ ಸಿಕ್ಕಿದವು. ಅದನ್ನು ಕಂಡಾದರೂ ನನಗೆ ಅನುಮಾನ ಬರಬೇಕಿತ್ತು.

ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ್ದೆ. ಅರ್ಘ್ಯ ಬಿಡಲು ಬೊಗಸೆ ತುಂಬಿಕೊಂಡ ರಾಜನ ಕೈಗೆ ಪುಟ್ಟ ಮೀನೊಂದು ತಾನಾಗಿ ಬರುತ್ತದೆ; ಮುಂದೆ ಪ್ರಳಯ ಬರುವುದನ್ನು ತಿಳಿಸುತ್ತದೆ. ತಾನಾಗಿ ಕೈಗೆ ಬರುವ ಮೀನು ಒಳ್ಳೆಯ ಸುದ್ದಿ ತರುವುದಿಲ್ಲವೆಂದು ಪುರಾಣಕ್ಕೂ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಕಿವಿರು, ರೆಕ್ಕೆ, ಬಾಲ.

ದಾರಿಯಲ್ಲಿ ಕೆಂಪಮ್ಮ ಎದುರಾದರು. "ಅಯ್ ನಿನ್ನ! ಅತ್ತೇನೇ ಮೀರುಸ್ಬುಟ್ಟಲ್ಲೇ!" ಅಂದರು. ಆ ಮಾತಿಗೆ ಉಬ್ಬಿ ಒಂದು ಹಿಡಿಯ ಬದಲು ಮೂರು ಹಿಡಿ ಕೊಟ್ಟೆ. ಅವತ್ತು ಅವರ ಮನೆಗೆ ಚನ್ನಪಟ್ಟಣದಿಂದ ಹೊಸ ಬೀಗರು ಬಂದಿದ್ದರು.

ಅತ್ತೆ ತೋಟದಿಂದ ಬರುವ ಹೊತ್ತಿಗೆ ನಮ್ಮ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮಂಕರಿಯಲ್ಲಿ ಉಳಿದಿದ್ದ ಒಂದು ಮೀನಿನ ಕಿವಿರು ಬಿಡಿಸಿ ಮೂಗಿಗೆ ಹಿಡಿದರು.

"ಒದ್ದಾಡ್ತಾ?"

"ಇಲ್ಲ ಅತ್ತೆ. ಸುಮ್ಮನೆ ಬಂತು."

"ಇದು ನೀನ್ ಹಿಡ್ದಿದ್ದಲ್ಲ ಕಣವ್ವ. ಯಾರ್ಗಾರ ಕೊಟ್ಟಾ?"

ಹೇಳಿದೆ. ಅತ್ತೆ ನಮ್ಮ ಸಾರಿನ ಮಡಕೆಯನ್ನು ತಿಪ್ಪೆಗುಂಡಿಗೆ ಸುರಿದು, ಕಾಲಲ್ಲೇ ಮಣ್ಣು ತಳ್ಳಿ, ಎದುರುಮನೆಗೆ ಓಡಿದರು. ನಾನೂ ಹಿಂದೆಯೇ ಹೋದೆ. ಬೀಗರ ತಟ್ಟೆಗೆ ಮುದ್ದೆ ಬಿದ್ದಿತ್ತು, ಸಾರು ಇನ್ನೂ ಬಿದ್ದಿರಲಿಲ್ಲ. ಅತ್ತೆ ಯಾರನ್ನೂ ಕೇಳದೆ ಮಡಕೆ ಎತ್ತಿ ಅಂಗಳಕ್ಕೆ ಬೋರಲು ಹಾಕಿದರು.

"ವಿಸ ಕಣೆ ಕೆಂಪಿ, ಹಳ್ಳಕ್ಕೆ ಏನೋ ಬುಟ್ಟವ್ರೆ!"

ಕೆಂಪಮ್ಮ ಮೊದಲು ಬೀಗರ ಮುಖ ನೋಡಿದರು. ಆಮೇಲೆ ಕೆಂಡವಾದರು. "ಕೊಟ್ಟಿದ್ದ ಕಿತ್ಕೊಳಾಕ್ ಬಂದಾ? ಸೊಸೆ ಹಿಡುದ್ಲು ಅಂತ ಒಟ್ಟೆ ಉರೀನಾ ನಿಂಗೆ? ಬೀಗ್ರ ಮುಂದೆ ನನ್ ಮಾನ ಸುರುದ್ಬುಟ್ಟೆ!"

ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಒಬ್ಬರು ನನ್ನನ್ನೇ ಕೇಳಿದರು: "ಹಿಡ್ದೋಳು ನೀನು. ನೀನೇ ಯೋಳವ್ವ, ಮೀನ್ಗೆ ಏನಾಗಿತ್ತು?"

ನನ್ನ ಜೀವಮಾನದ ಒಂದೇ ಬೇಟೆ ತಿಪ್ಪೆಯಲ್ಲಿತ್ತು. "ನನಗೇನೂ ಕಾಣಲಿಲ್ಲ" ಅಂದೆ.

ಅತ್ತೆ ನನ್ನನ್ನು ನೋಡಿದರು. ಮನೆಗೆ ಬಂದ ಮೇಲೆ, "ಆ ಕೈಯಾಗೆ ಹುಳದ್ ಮನೆಗೆ ಹೋಗ್ಬ್ಯಾಡ, ತೊಳ್ಕೊ" ಅಂದರು, ಅಷ್ಟೇ.

ಅವತ್ತು ಆ ಮೀನು ತಿಂದವರಲ್ಲಿ ಯಾರೂ ಸಾಯಲಿಲ್ಲ. ಕೆಲವು ಮನೆಗಳಲ್ಲಿ ಎರಡು ದಿನ ವಾಂತಿಯಾಯಿತು. ಸಾರಿಗೆ ಹಾಕಿದ ಬದನೆಕಾಯಿಯ ನಂಜು ಅಂದರು. ಸಾಯದೆ ಹೋದದ್ದೇ ಅತ್ತೆಯ ವಿರುದ್ಧ ಸಾಕ್ಷಿಯಾಯಿತು. ಸೊಸೆಯ ಮೇಲಿನ ಹೊಟ್ಟೆಕಿಚ್ಚಿಗೆ ಬೀಗರ ಸಾರು ಚೆಲ್ಲಿದವಳು ಎಂಬ ಮಾತು ನಲ್ಲಿಕಟ್ಟೆಯಲ್ಲಿ ಬಹಳ ದಿನ ನಿಂತಿತು. ತಿಂಗಳು ಕಳೆಯುವುದರೊಳಗೆ ಹಳ್ಳದಲ್ಲಿ ಮೀನಿರಲಿಲ್ಲ, ಏಡಿಯಿರಲಿಲ್ಲ, ಕಪ್ಪೆ ಕೂಗುತ್ತಿರಲಿಲ್ಲ. ಬಟ್ಟೆ ಒಗೆದವರ ಕೈಗೆ ನವೆ ಹತ್ತಿತು. ಯಾರೋ ಬಂದು ಪರೀಕ್ಷೆಗೆಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಬಾಟಲಿಯೂ ಬರಲಿಲ್ಲ, ಅವರೂ ಬರಲಿಲ್ಲ. ಅಷ್ಟು ಹೊತ್ತಿಗೆ ಊರಿಗೆಲ್ಲ ಅತ್ತೆಯ ಮಾತು ಅರ್ಥವಾಗಿತ್ತು. ಆದರೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಪದ್ಧತಿ ನಮ್ಮಲ್ಲಿಲ್ಲ. ಆ ವಿಷಯ ಬಂದಾಗ ಸುಮ್ಮನಾಗುತ್ತಿದ್ದರು. ಸುಮ್ಮನಾಗುವುದನ್ನೇ ತಪ್ಪೊಪ್ಪಿಗೆ ಎಂದುಕೊಂಡರೆ, ನಮ್ಮ ಊರಿನವರಷ್ಟು ಪ್ರಾಮಾಣಿಕರು ಯಾರೂ ಇಲ್ಲ.

ಕೆಂಪಮ್ಮನೂ ಅತ್ತೆಯೂ ಮತ್ತೆ ಮಾತಾಡಲಿಲ್ಲ. ಎರಡು ಬಾಗಿಲ ನಡುವೆ ಹತ್ತು ಹೆಜ್ಜೆಯ ರಸ್ತೆ. ಅತ್ತೆ ಮೂರು ವರ್ಷವಾದ ಮೇಲೆ ತೀರಿಕೊಂಡರು. ಅದು ಬೇರೆ ಕಾಯಿಲೆ. ಅದನ್ನು ಹಳ್ಳದ ಮೇಲೆ ಹೊರಿಸಲಾರೆ. ಅವತ್ತು ಕೆಂಪಮ್ಮ ಬಂದು ಅವರ ಕಾಲ ಹತ್ತಿರ ಕೂತು ಅತ್ತರು. ಎದ್ದು ಹೋಗುವಾಗ ನನ್ನ ಮುಖ ನೋಡಿದರು, ಏನನ್ನೋ ಕೇಳುವವರಂತೆ. ನಾನು ತಲೆ ತಗ್ಗಿಸಿದೆ.

ಹಳ್ಳದಲ್ಲಿ ಈಗ ಕಡುಬೇಸಿಗೆಯಲ್ಲೂ ಕಾರ್ಖಾನೆಯ ನೀರು ಹರಿಯುತ್ತದೆ. ಹಿಂದೆ ಹಾಗಿರಲಿಲ್ಲ, ಒಣಗುತ್ತಿತ್ತು. ಹೊಸಬರು ಸೇತುವೆಯ ಮೇಲೆ ನಿಂತು ನಿಮ್ಮೂರು ಪುಣ್ಯದ್ದು ಅನ್ನುತ್ತಾರೆ. ಅಲ್ಲೊಬ್ಬಳು ಹೆಂಗಸು ಬರಿಗೈಯಲ್ಲಿ ಮೀನು ಹಿಡಿಯುತ್ತಿದ್ದಳೆಂದರೆ ನಂಬುವುದಿಲ್ಲ. ನಾನೂ ನಂಬಿಸಲು ಹೋಗುವುದಿಲ್ಲ. ಬೇಕಾಗಿದ್ದ ದಿನ ಸಾಕ್ಷಿ ಹೇಳದವಳು ಈಗ ಹೇಳಿ ಏನು?

ಮೀನು ಒದ್ದಾಡಲಿಲ್ಲ, ಅದನ್ನು ನಾನು ಕಂಡಿದ್ದೆ. ಅಂಗಳದಲ್ಲಿ ನಾನಾಡಿದ್ದು ಸುಳ್ಳೆಂದು ಅತ್ತೆಗೆ ಹೇಳಲು ಮೂರು ವರ್ಷ ಇತ್ತು, ಹೇಳಲಿಲ್ಲ. ಕೆಂಪಮ್ಮ ಎದುರುಮನೆಯಲ್ಲಿ ಇನ್ನೂ ಇದ್ದಾರೆ. ಅವರಿಗೂ ಇನ್ನೂ ಹೇಳಿಲ್ಲ.