ಟೈಮಕ್ಕನ ಬಿಳಿ ಟೋಪಿ

ಆಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ತಾರಸಿಯ ಮೇಲೆ ಟೈಮಕ್ಕ ಕಾಗೆ ಓಡಿಸುತ್ತಿದ್ದಾರೆ. ಸೊಂಟದೆತ್ತರದ ಒಂದು ಕಂಬ, ಅದರ ತುದಿಗೆ ಅಣಬೆಯಂಥ ಬಿಳಿ ಟೋಪಿ. "ಹುಶ್! ನಿಮಗೆ ಕೂರೋಕೆ ಬೇರೆ ಜಾಗಾನೇ ಸಿಗ್ಲಿಲ್ವಾ?" ಎಂದು ಗದರುತ್ತ ಹಳೇ ಬಟ್ಟೆಯಿಂದ ಹಿಕ್ಕೆ ಒರೆಸುತ್ತಾರೆ.

ಆ ಟೋಪಿ ಜಿಪಿಎಸ್ ರಿಸೀವರಿನ ಆಂಟೆನಾ. ಉಪಗ್ರಹಗಳು ಹೇಳುವ ಸಮಯವನ್ನು ಅದು ಹಿಡಿದು ನೆಲಮಾಳಿಗೆಯ ಡಬ್ಬಕ್ಕೆ ಇಳಿಸುತ್ತದೆ. ಆಸ್ಪತ್ರೆಯ ಅಷ್ಟೂ ಕಂಪ್ಯೂಟರುಗಳು ಆ ಡಬ್ಬವನ್ನು ಕೇಳಿ ಗಡಿಯಾರ ತಿದ್ದಿಕೊಳ್ಳುತ್ತವೆ. ಟೋಪಿಗೆ ಬೇಕಾದದ್ದು ತಲೆಯ ಮೇಲೆ ಬಯಲು ಆಕಾಶ, ಅಷ್ಟೇ. ಇವತ್ತು ಅದಕ್ಕೇ ಕುತ್ತು ಬಂದಿದೆ. ಬಟ್ಟೆ ಒಣಹಾಕುವ ಈ ತಾರಸಿಗೆ ತಗಡಿನ ಚಾವಣಿ ಹಾಕಲು ಕೆಲಸದವರು ಏಣಿ ಸಮೇತ ಬಂದು ನಿಂತಿದ್ದಾರೆ. ಟೈಮಕ್ಕ ಕಂಬ ತಬ್ಬಿಕೊಂಡು ನಿಂತಿದ್ದಾರೆ.

ಮೊದಲು ಇವರು ಇಲ್ಲೇ ಟೆಲಿಫೋನ್ ಆಪರೇಟರ್. ಆ ಕೆಲಸ ಹೋದಾಗ ಈ ಡಬ್ಬ ಗಂಟುಬಿತ್ತು. ಟೈಮ್ ನೋಡಿಕೊಳ್ಳುವ ಕೆಲಸವೆಂದರೆ ಏನೆಂದು ಮನೆಯವರಿಗೆ ಇನ್ನೂ ತಿಳಿದಿಲ್ಲ. "ನಮ್ಮ ಭಾವ ಇವತ್ತಿಗೂ ನಿಂತುಹೋದ ವಾಚು ತಂದು ಕೊಡ್ತಾರೆ. ಅಂಗಡೀಲಿ ಸೆಲ್ ಹಾಕಿಸಿ ಕೊಡ್ತೀನಿ. ಮರ್ಯಾದೆ ಉಳೀಬೇಕಲ್ಲ!"

ಹಿಂದೊಮ್ಮೆ ಕಾಲು ಮುರಿದು ಟೈಮಕ್ಕ ತಿಂಗಳುಗಟ್ಟಲೆ ರಜೆ ಹಾಕಿದ್ದರು. ಅಷ್ಟೂ ದಿನ, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ಮಾಮ ತನ್ನ ದೊಡ್ಡ ಅಲ್ಯೂಮಿನಿಯಂ ಬೋಗುಣಿಯನ್ನು ಟೋಪಿಯ ಮೇಲೆ ಬೋರಲು ಹಾಕುತ್ತಿದ್ದ. "ಬೋಗುಣಿ ಒಣಗಲಿ ಅಂತ ಯಾರೋ ಪುಣ್ಯಾತ್ಮರು ಗೂಟ ನೆಟ್ಟಿದ್ದಾರೆ ಅನ್ಕೊಂಡೆ" ಎಂದು ಅವನು ಈಗಲೂ ತಲೆ ಕೆರೆದುಕೊಳ್ಳುತ್ತಾನೆ. ಆಕಾಶ ಕಾಣದ ಡಬ್ಬ ದಿಕ್ಕು ತಪ್ಪಿತು, ಕಂಪ್ಯೂಟರುಗಳು ತಮಗೆ ತೋಚಿದ ಟೈಮ್ ತೋರಿಸತೊಡಗಿದವು. ಆಗಲೇ ಅವಳಿ ಮಕ್ಕಳು ಹುಟ್ಟಬೇಕೆ? ಮೊದಲನೆಯದು ಹೆರಿಗೆ ಕೋಣೆಯಲ್ಲಿ, ಎರಡನೆಯದು ಆಪರೇಷನ್ ಕೋಣೆಯಲ್ಲಿ. ಆಪರೇಷನ್ ಕೋಣೆಯ ಕಂಪ್ಯೂಟರು ಹಿಂದೆ ಬಿದ್ದಿತ್ತು. ದಾಖಲೆಯ ಪ್ರಕಾರ ತಮ್ಮ ಮೊದಲು ಹುಟ್ಟಿದ, ಅಣ್ಣ ಆಮೇಲೆ! ಮಕ್ಕಳ ತಾತ ಇಡೀ ಆಸ್ಪತ್ರೆಯನ್ನೇ ತಲೆಯ ಮೇಲೆ ಹೊತ್ತರು.

ಮ್ಯಾನೇಜರ್ ಏದುಸಿರು ಬಿಡುತ್ತ ಮೇಲೆ ಬರುತ್ತಾರೆ. "ಟೈಮ್ ನನ್ನ ಫೋನಲ್ಲೇ ಇದೆಯಲ್ಲಮ್ಮ! ಕಂಬ ಬಿಡಿ."

"ಫೋನು ನಿಮ್ಮದು ಸಾರ್. ಹೆರಿಗೆ ಕೋಣೆಗೆ ಏನು ಮಾಡೋಣ? ಅವಳಿ ಮಕ್ಕಳ ತಾತನಂಥೋರು ಇನ್ನೊಬ್ಬರು ಬಂದ್ರೆ ನೀವೇ ಮಾತಾಡ್ತೀರಾ?"

ತಾತನ ಸುದ್ದಿ ಎತ್ತಿದ್ದೇ ತಡ, ಮ್ಯಾನೇಜರ್ ಮುಖ ಹುಳ್ಳಗಾಗುತ್ತದೆ. ಚಾವಣಿಗೆ ಒಂದು ತೂತು, ಕಂಬಕ್ಕೆ ಉದ್ದನೆಯ ಪೈಪು, ತಗಡಿನ ಮೇಲೆ ಟೋಪಿ ಎಂದು ತೀರ್ಮಾನವಾಗುತ್ತದೆ. ಮಳೆ ಬಂದರೆ ತೂತಿನಿಂದ ಸೋರುವ ನೀರಿಗೆಂದು ಲಾಂಡ್ರಿ ಮಾಮ ಈಗಲೇ ಬೋಗುಣಿ ಎತ್ತಿಕೊಂಡು ಬರುತ್ತಾನೆ. ಟೈಮಕ್ಕನ ಕಣ್ಣು ಕೆಂಪಾದದ್ದು ಕಂಡು, "ಕೆಳಗಕ್ಕಾ, ಕೆಳಗೆ ಇಡ್ತೀನಿ" ಎನ್ನುತ್ತಾನೆ.

ಇಷ್ಟೊಂದು ಹಟ ಯಾಕೆಂದು ಕೇಳಿದರೆ ಟೈಮಕ್ಕ ನಗುತ್ತಾರೆ. "ನಾನು ಹುಟ್ಟಿದ್ದು ಎಷ್ಟು ಹೊತ್ತಿಗೆ ಅಂತ ಅಮ್ಮನ್ನ ಕೇಳಿದ್ರೆ, 'ಹಾಲಿನವನು ಬರೋ ಹೊತ್ತು' ಅನ್ನೋಳು. ಆ ಹಾಲಿನವನೋ, ದಿನಾ ಒಂದೊಂದು ಹೊತ್ತಿಗೆ ಬರೋನು!" ನಗು ಇಳಿದ ಮೇಲೆ ಟೋಪಿಯನ್ನು ಇನ್ನೊಮ್ಮೆ ಒರೆಸುತ್ತಾರೆ. "ಇಲ್ಲಿ ಹುಟ್ಟೋ ಮಕ್ಕಳಿಗೆ ನಾನಿದ್ದೀನಿ."