ಅವ್ವನ ಕೇಕು, ಕಾಕುವಿನ ಆಡು

ಇವತ್ತು ಮಗಳು ಓವನ್ನಿನಿಂದ ಚಾಕಲೇಟ್ ಕೇಕ್ ಹೊರತೆಗೆದಳು. ಕೋಕೋ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೋರಗಾಂವದ ನಮ್ಮ ಹಳೇ ಅಡುಗೆಮನೆಯಲ್ಲಿದ್ದೆ.

ಅವ್ವ ಮತ್ತು ಕಾಕಾನ ಹೆಂಡತಿ ಶಾಂತಾ ಕಾಕು ಒಂದೇ ಮನೆಯಲ್ಲಿದ್ದರೂ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ನನ್ನ ಹುಟ್ಟುಹಬ್ಬಕ್ಕೆಂದು ಅವ್ವ ನಿಪ್ಪಾಣಿಯಿಂದ ಕೋಕೋ ಪುಡಿ ತರಿಸಿ, ಬೋಗುಣಿಯಲ್ಲಿ ಉಸುಕು ಕಾಯಿಸಿ, ಅದರ ಮೇಲೆ ಡಬ್ಬಿಯಿಟ್ಟು ಜೀವನದ ಮೊದಲ ಕೇಕ್ ಮಾಡಿದಳು.

"ಸಗಣಿ ಸುಟ್ಟಂಗ ಕಾಣತೈತಿ," ಎಂದು ಕಾಕು ಮೂಗು ಮುರಿದಳು.

ಆರಲೆಂದು ಕೇಕನ್ನು ತಟ್ಟೆಗೆ ಹಾಕಿ ಕಟ್ಟೆಯ ಮೇಲಿಟ್ಟು ಅವ್ವ ನೀರು ತರಲು ನಳಕ್ಕೆ ಹೋದಳು. ಕಾಕು ತಾನು ಮುದ್ದಿನಿಂದ ಸಾಕಿದ ತುಂಟ ಆಡಿನ ಹಗ್ಗ ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ.

ಅವ್ವ ಬರುವಷ್ಟರಲ್ಲಿ ಆಡು ತಟ್ಟೆ ನೆಕ್ಕುತ್ತಿತ್ತು. ಅದರ ಗಡ್ಡದ ತುಂಬ ಕೇಕು. ನಾನು ಅಳುತ್ತ ಕಂಡದ್ದನ್ನೆಲ್ಲ ಹೇಳಿದೆ. ಅವ್ವ ಬೈಯಲಿಲ್ಲ. ಚರಗಿ ತಂದು, ಆಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹಾಲು ಹಿಂಡತೊಡಗಿದಳು.

"ನನ್ನ ಆಡು ಮುಟ್ಟಬ್ಯಾಡ," ಎನ್ನುತ್ತ ಕಾಕು ಓಡಿಬಂದಳು.

"ನನ್ನ ಕೇಕ್ ತಿಂದೈತಿ. ಹಾಲು ನಂದು," ಅಂದಳು ಅವ್ವ.

ಕೊನೇ ಹನಿಯವರೆಗೂ ಹಿಂಡಿ, ಚಹಾ ಮಾಡಿ, ಕಾಕುವಿನ ಕಣ್ಣೆದುರೇ ನಮಗೆಲ್ಲ ಕೊಟ್ಟಳು. ಆ ಚಹಾದ ರುಚಿ ನನಗೆ ಯಾವ ಕೇಕಿನಲ್ಲೂ ಸಿಕ್ಕಿಲ್ಲ. ಮರುದಿನವೇ ಮನೆಯಲ್ಲಿ ಒಲೆ ಎರಡಾದವು.

"ಅಜ್ಜಿ, ಶಾಂತಾ ಅಜ್ಜಿಗೂ ಒಂದ್ ತುಂಡು ಕಳಸೋಣೇನು?" ಎಂದು ಮಗಳು ಈಗ ಕೇಕ್ ಕತ್ತರಿಸಿ ಕೊಡುತ್ತ ಪಕ್ಕದಲ್ಲಿ ಕೂತಿದ್ದ ನನ್ನ ಅವ್ವನನ್ನು ಕೇಳಿದಳು.

ಎಪ್ಪತ್ತು ದಾಟಿದ ಅವ್ವ ತನ್ನ ತುಂಡಿನಿಂದ ತಲೆ ಎತ್ತಲಿಲ್ಲ.

"ಆ ಆಡು ಇದ್ದಿದ್ರ ಅದಕ್ಕ ಕೊಡತಿದ್ನಿ," ಅಂದಳು. "ಅಕಿಗೆ ಕೊಡಂಗಿಲ್ಲ."