ಹನ್ನೆರಡನೆಯ ಕುರ್ಚಿ

ನಮ್ಮ ವಂಶದಲ್ಲಿ ಕೂಸು ಅಳುವುದಾದರೂ ಶ್ರುತಿ ಸೇರಿಸಿಕೊಂಡೇ ಅಳಬೇಕು. ಸೊಸೆಯಂದಿರನ್ನೂ ಅಳಿಯಂದಿರನ್ನೂ ಹಾಡಿಸಿ ನೋಡಿಯೇ ತಂದುಕೊಂಡದ್ದು. ಕಣ್ತಪ್ಪಿ ಒಳಬಂದವರು ಒಬ್ಬರೇ, ಗಡಿಯಾರ ರಿಪೇರಿ ಮಾಡುವ ಮಾವ, ನನ್ನ ಸೋದರತ್ತೆಯ ಗಂಡ. "ಭಾವನಿಗೆ ಸಂಗೀತದ ಗಂಧಗಾಳಿಯೂ ಇಲ್ಲ" ಎಂದು ಅಪ್ಪ ನಲವತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಅಷ್ಟೇ ವರ್ಷದಿಂದ ಮಾವ ಎದುರಿಗೆ ಕೂತು ಅಪ್ಪನ ಹಾಡು ಕೇಳುತ್ತಾ ಬಂದಿದ್ದಾರೆ.

ಮೊನ್ನೆ ಮನೆತನದ ಕಲಾವಿದರಿಗೆಲ್ಲ ಸನ್ಮಾನ ಇಟ್ಟುಕೊಂಡೆವು. ಹೊರಗಿನವರನ್ನು ಕರೆಯಲಿಲ್ಲ, ಅವರಿಗೇನು ತಿಳಿಯುತ್ತದೆ. ವೇದಿಕೆಯ ಮೇಲೆ ನಾನೂ ಸೇರಿ ಹನ್ನೊಂದು ಜನ; ಹೊಗಳಿದವರೂ ನಾವೇ, ಹೊಗಳಿಸಿಕೊಂಡವರೂ ನಾವೇ. ಕೆಳಗೆ ಮಾವ ಒಬ್ಬರೇ ಚಪ್ಪಾಳೆ ತಟ್ಟಿ ತಟ್ಟಿ ಸುಸ್ತಾಗಿದ್ದರು. ಅತ್ತೆಗೆ ಕನಿಕರ ಬಂತು.

"ಪಾಪ, ಅವರಿಗೂ ಒಂದು ಫಲಕ ಕೊಟ್ಬಿಡಿ" ಅಂದರು.

ಹನ್ನೆರಡನೆಯ ಕುರ್ಚಿ ತರಿಸಿ ಮಾವನನ್ನೂ ಮೇಲೆ ಕೂರಿಸಿದೆವು.

ಇನ್ನು ಕಛೇರಿ ಶುರುವಾಗಬೇಕು. ಅಪ್ಪ ಗಂಟಲು ಸರಿಮಾಡಿಕೊಂಡು ಕಣ್ಣೆತ್ತಿದರು. ಎದುರಿಗೆ ಬರೀ ಖಾಲಿ ಕುರ್ಚಿಗಳು. ಮತ್ತೊಮ್ಮೆ ಗಂಟಲು ಸರಿಮಾಡಿಕೊಂಡರು. ಪಿಟೀಲಿನ ಚಿಕ್ಕಪ್ಪ ಎತ್ತಿದ ಕಮಾನನ್ನು ಹಾಗೇ ಕೆಳಗಿಳಿಸಿದರು. ಕೊನೆಗೆ ಅಪ್ಪ ಮೆಲ್ಲಗೆ ಮಾವನ ಕಡೆ ಬಾಗಿದರು.

"ಭಾವ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಕೆಳಗೆ ಹೋಗಿ ಕೂತ್ಕೊಳ್ತೀರಾ?"